ಗಟ್ಟಿಮುಟ್ಟಾದ ವ್ಯಾಕ್ಯೂಮ್ ಕ್ಲೀನರ್‌ಗೆ ಹೆಚ್ಚು ಹಣ ಕೊಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಹೊರಟವರು, ಕೊಂಡು ಪರಿತಪಿಸುತ್ತಿರುವವರು, ಹಳೆಯದನ್ನು ಎಸೆಯಲು ಮನಸ್ಸು ಬಾರದವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸರಳವಾದವು ಮೊದಲು, ತಾಂತ್ರಿಕವಾದವು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಮೊದಲ ಅನುಮಾನಗಳು

ಅಗ್ಗದ್ದೂ ಧೂಳು ಹೀರುತ್ತದೆ, ದುಬಾರಿಯದೂ ಧೂಳು ಹೀರುತ್ತದೆ. ಮೂರು ಪಟ್ಟು ಹಣ ಏಕೆ ಕೊಡಬೇಕು?

ಮೊದಲ ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೆ ಇರಬಹುದು. ಅದು ಕಾಣಿಸಿಕೊಳ್ಳುವುದು ಎರಡನೆಯ, ಮೂರನೆಯ ವರ್ಷದಲ್ಲಿ. ವ್ಯಾಕ್ಯೂಮ್ ಕ್ಲೀನರ್ ಎಂದರೆ ಒಂದು ಮೋಟಾರ್, ಒಂದು ಫ್ಯಾನ್, ಮತ್ತು ಗಾಳಿ ಸೋರದಂತೆ ಜೋಡಿಸಿದ ಒಂದು ದಾರಿ. ಫ್ಯಾನ್ ಒಳಗಿನ ಗಾಳಿಯನ್ನು ಹೊರಕ್ಕೆ ದೂಡುತ್ತದೆ. ಆ ಜಾಗವನ್ನು ತುಂಬಲು ಹೊರಗಿನ ಗಾಳಿ ಮೂತಿಯೊಳಕ್ಕೆ ನುಗ್ಗುವಾಗ ಧೂಳನ್ನೂ ಹೊತ್ತು ತರುತ್ತದೆ. ಈ ದಾರಿಯಲ್ಲಿ ಎಲ್ಲಾದರೂ ಪೈಪ್ ಬಿರುಕು ಬಿಟ್ಟರೆ, ರಬ್ಬರ್ ಸೀಲು ಗಡಸಾಗಿ ಕೂರದೆ ಹೋದರೆ, ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಮೋಟಾರ್ ಮೊದಲಿನಷ್ಟೇ ಸದ್ದು ಮಾಡುತ್ತಿರುತ್ತದೆ, ನೆಲದ ಧೂಳು ಮಾತ್ರ ನೆಲದಲ್ಲೇ ಉಳಿದಿರುತ್ತದೆ.

ತೀರಾ ಅಗ್ಗದ ಯಂತ್ರದಲ್ಲಿ ತಯಾರಕರು ಹಣ ಉಳಿಸಿರುವುದು ಇಂಥ ಕಣ್ಣಿಗೆ ಬೀಳದ ಜಾಗಗಳಲ್ಲೇ: ಮುಚ್ಚಳದ ಕೊಕ್ಕೆಯ ದಪ್ಪ, ಪೈಪಿನ ಕತ್ತು, ಚಕ್ರದ ಅಚ್ಚು, ಸೀಲಿನ ರಬ್ಬರ್, ವೈರಿನ ಉದ್ದ. ಇದಕ್ಕಿಂತ ದೊಡ್ಡ ತೊಂದರೆ ಎಂದರೆ ಆ ಭಾಗಗಳು ಬಿಡಿಯಾಗಿ ಸಿಗುವುದಿಲ್ಲ. ಬೆರಳುದ್ದದ ಕೊಕ್ಕೆಯೊಂದು ಮುರಿದರೆ, ಚೆನ್ನಾಗಿರುವ ಮೋಟಾರಿನ ಸಮೇತ ಇಡೀ ಯಂತ್ರವೇ ಕಸವಾಗುತ್ತದೆ. ಹೆಚ್ಚು ಕೊಡುವ ಹಣ ಸಾರ್ಥಕವಾಗುವುದು ಮುರಿದದ್ದನ್ನು ಬದಲಿಸಿಕೊಂಡು ಮುಂದುವರಿಯುವ ಅವಕಾಶ ಸಿಕ್ಕಾಗ. ಹೀರುವ ಬಲ ಅದರ ನಂತರದ ಮಾತು.

ಬಾಯಿಮಾತು ಬೇಡ, ಲೆಕ್ಕ ತೋರಿಸಿ. ನಿಜಕ್ಕೂ ಉಳಿತಾಯವಾಗುತ್ತದೆಯೇ?

ಅಗ್ಗದ ಯಂತ್ರದ ಬೆಲೆಯನ್ನು 1 ಪಾಲು ಎಂದುಕೊಳ್ಳಿ; ಅದು 3 ವರ್ಷ ಬಾಳಿತು ಎನ್ನೋಣ. ಗಟ್ಟಿ ಯಂತ್ರದ್ದು 3 ಪಾಲು, ಬಾಳಿಕೆ 15 ವರ್ಷ. ಹದಿನೈದು ವರ್ಷದಲ್ಲಿ ಮೊದಲನೆಯದನ್ನು ಐದು ಸಲ ಕೊಂಡು 5 ಪಾಲು ಕೊಟ್ಟಿರುತ್ತೀರಿ. ಎರಡನೆಯದಕ್ಕೆ 3 ಪಾಲಿನ ಮೇಲೆ ಒಂದು ಪೈಪ್, ಒಂದು ಮೂತಿ, ಒಂದು ಜೊತೆ ಕಾರ್ಬನ್ ಬ್ರಷ್ (ಮೋಟಾರಿನೊಳಗೆ ವಿದ್ಯುತ್ ಮುಟ್ಟಿಸುತ್ತಾ ಸವೆಯುವ ತುಂಡುಗಳು) ಸೇರಿಸಿ ಇನ್ನರ್ಧ ಪಾಲು ಹಾಕೋಣ. ಆಗಲೂ ಒಂದೂವರೆ ಪಾಲು ಉಳಿಯಿತು. ಬ್ಯಾಗು, ಫಿಲ್ಟರುಗಳ ಖರ್ಚು ಎರಡೂ ಕಡೆ ಇರುವುದರಿಂದ ಅದನ್ನು ಬದಿಗಿಟ್ಟಿದ್ದೇನೆ. ಆದರೆ ಒಂದು ಯಂತ್ರ ಬ್ಯಾಗಿನದ್ದು, ಇನ್ನೊಂದು ಬ್ಯಾಗಿಲ್ಲದ್ದು ಆಗಿದ್ದರೆ ಆ ಖರ್ಚನ್ನು ಖಂಡಿತ ಸೇರಿಸಬೇಕು.

ಈ ಅಂಕಿಗಳು ನಾನು ಹಿಡಿದುಕೊಂಡವು. ನಿಮ್ಮ ಮನೆಯವನ್ನು ಹಾಕಿ ನೋಡಿ. ಲೆಕ್ಕ ತಲೆಕೆಳಗಾಗುವ ಸಂದರ್ಭಗಳೂ ಇವೆ. ಐದು ವರ್ಷಕ್ಕೆ ಬೇಜಾರಾಗಿ ಹೊಸ ಮಾದರಿಗೆ ಹೋಗುವವರಿಗೆ ಹದಿನೈದು ವರ್ಷದ ಬಾಳಿಕೆಯಿಂದ ಲಾಭವೇನೂ ಇಲ್ಲ. ಸಾಲ ಮಾಡಿ ಬಡ್ಡಿ ಕಟ್ಟಿ ಕೊಂಡರೆ ಉಳಿತಾಯವನ್ನು ಬಡ್ಡಿಯೇ ನುಂಗುತ್ತದೆ. ಇನ್ನು ಯಾವ ಲೆಕ್ಕದಲ್ಲೂ ಬರೆಯದ ಖರ್ಚೊಂದಿದೆ: ಪ್ರತಿ ಸಲ ಕೆಟ್ಟಾಗ ಹೊಸದನ್ನು ಹುಡುಕುವ, ಹೋಲಿಸುವ, ಹಳೆಯದನ್ನು ವಿಲೇವಾರಿ ಮಾಡುವ ತಲೆನೋವು.

ದುಬಾರಿ ಎಂದರೆ ಬಾಳಿಕೆ ಬರುತ್ತದೆ ಎಂದೇ ತಾನೇ?

ಅಲ್ಲ. ಬಣ್ಣದ ಪರದೆ, ಮೊಬೈಲ್ ಆ್ಯಪ್, ಧೂಳಿನ ಮೇಲೆ ಬೀಳುವ ಹಸಿರು ದೀಪ, ಹನ್ನೆರಡು ಬಗೆಯ ಮೂತಿ ಇವೆಲ್ಲ ಬೆಲೆ ಏರಿಸುತ್ತವೆ. ಬಾಳಿಕೆಗೆ ಇವುಗಳಿಂದ ಬರುವುದು ಹೆಚ್ಚೆಂದರೆ ಸೊನ್ನೆ. ಕೆಡಬಹುದಾದ ಭಾಗಗಳ ಪಟ್ಟಿಯಂತೂ ಉದ್ದವಾಗುತ್ತದೆ. ಒಂದೇ ಕಂಪನಿಯ ಮಧ್ಯಮ ಬೆಲೆಯ, ನೋಡಲು ಸಪ್ಪೆಯಾದ ಮಾದರಿ ಅದರದೇ ಮೇಲ್ದರ್ಜೆಯ ಮಾದರಿಗಿಂತ ಹೆಚ್ಚು ವರ್ಷ ನಡೆಯುವುದರಲ್ಲಿ ಆಶ್ಚರ್ಯವಿಲ್ಲ. ಬೆಲೆ ನೋಡುವ ಮುನ್ನ ಬಿಡಿಭಾಗಗಳ ಪಟ್ಟಿ ನೋಡಿ.

ನಮ್ಮದು ಚಿಕ್ಕ ಮನೆ, ನೆಲವೆಲ್ಲ ಟೈಲ್ಸ್. ನನಗೂ ಇಷ್ಟೆಲ್ಲ ಬೇಕೇ?

ಬಹುಶಃ ಬೇಡ. ನುಣುಪು ನೆಲದ ಮೇಲಿನ ಧೂಳು ಸುಲಭವಾಗಿ ಬಿಟ್ಟುಕೊಡುತ್ತದೆ. ಪೊರಕೆ ಮತ್ತು ಒದ್ದೆ ಬಟ್ಟೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತವೆ. ಪೊರಕೆ ಸಣ್ಣ ಧೂಳನ್ನು ಗಾಳಿಗೆ ಎಬ್ಬಿಸುತ್ತದೆ ಎಂಬುದು ನಿಜ, ಅಲರ್ಜಿ ಇರುವವರಿಗೆ ಅದು ಮುಖ್ಯ. ಉಳಿದವರು ಒಂದು ಸರಳ, ಚಿಕ್ಕ ಯಂತ್ರ ತೆಗೆದುಕೊಂಡರೆ ಸಾಕು. ಆದರೆ ಚಿಕ್ಕದು ಎಂದರೆ ಬಿಡಿಭಾಗ ಸಿಗದ್ದು ಎಂದಾಗಬೇಕಿಲ್ಲ. ರತ್ನಗಂಬಳಿ, ಸಾಕುಪ್ರಾಣಿ, ಅಸ್ತಮಾ, ದೊಡ್ಡ ಮನೆ ಈ ನಾಲ್ಕರಲ್ಲಿ ಒಂದಿದ್ದರೂ ಲೆಕ್ಕ ಬದಲಾಗುತ್ತದೆ.

ಪದೇ ಪದೇ ವ್ಯಾಕ್ಯೂಮ್ ಮಾಡಿದರೆ ರತ್ನಗಂಬಳಿ ಸವೆದು ಹೋಗುವುದಿಲ್ಲವೇ?

ಸವೆಸುವುದು ಮರಳು. ಕಾಲಿಗೆ ಅಂಟಿ ಬಂದ ಚೂಪಾದ ಕಣಗಳು ಎಳೆಗಳ ಬುಡಕ್ಕೆ ಇಳಿಯುತ್ತವೆ. ನಾವು ಓಡಾಡಿದಾಗಲೆಲ್ಲ ಆ ಎಳೆಗಳನ್ನು ಉಜ್ಜಿ ಕತ್ತರಿಸುತ್ತವೆ. ಮೇಲ್ಮೈ ಧೂಳನ್ನು ಮಾತ್ರ ಎತ್ತುವ ದುರ್ಬಲ ಯಂತ್ರ ಈ ಮರಳನ್ನು ಅಲ್ಲೇ ಬಿಡುತ್ತದೆ. ತಿರುಗುವ ಬ್ರಷ್ ಇರುವ ಮೂತಿ ಎಳೆಗಳನ್ನು ಅಲುಗಿಸಿ ಅದನ್ನು ಮೇಲೆತ್ತುತ್ತದೆ. ಉಣ್ಣೆಯ ಅಥವಾ ಕುಣಿಕೆ ನೇಯ್ಗೆಯ ಗಂಬಳಿಗೆ ಮಾತ್ರ ತಿರುಗುವ ಬ್ರಷ್ ಒಳ್ಳೆಯದಲ್ಲ, ಎಳೆ ಕಿತ್ತು ಬರಬಹುದು. ಅದನ್ನು ನಿಲ್ಲಿಸುವ ಸ್ವಿಚ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

## ಕೊಳ್ಳುವ ಮುನ್ನ

2000 ವ್ಯಾಟ್‌ನ ಯಂತ್ರ 800 ವ್ಯಾಟ್‌ನದ್ದಕ್ಕಿಂತ ಬಲಶಾಲಿಯಲ್ಲವೇ?

ವ್ಯಾಟ್ ಹೇಳುವುದು ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು. ಎಷ್ಟು ಧೂಳು ಎತ್ತುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಹಲವು ವರ್ಷ ಕಂಪನಿಗಳು ಪೈಪೋಟಿಯಲ್ಲಿ ಈ ಅಂಕಿಯನ್ನು ಏರಿಸುತ್ತಲೇ ಹೋದವು, ಗ್ರಾಹಕರೂ ಅದನ್ನೇ ನೋಡಿ ಕೊಂಡರು. ಕೊನೆಗೆ ಯುರೋಪಿಯನ್ ಒಕ್ಕೂಟ ಕಾನೂನಿನಿಂದಲೇ ಕಡಿವಾಣ ಹಾಕಿತು: 2014ರ ಸೆಪ್ಟೆಂಬರಿನಿಂದ ಗರಿಷ್ಠ 1600 ವ್ಯಾಟ್, 2017ರ ಸೆಪ್ಟೆಂಬರಿನಿಂದ 900 ವ್ಯಾಟ್. ಇನ್ನು ಮನೆ ಗುಡಿಸಿದಂತೆಯೇ ಎಂದು ಆಗ ಸಾಕಷ್ಟು ಗೊಣಗಾಟ ಕೇಳಿಬಂದಿತ್ತು. ತಯಾರಕರು ಫ್ಯಾನಿನ ಆಕಾರ, ಗಾಳಿಯ ದಾರಿ, ಮೂತಿಯ ವಿನ್ಯಾಸ ತಿದ್ದಿಕೊಂಡು ಅಷ್ಟೇ ವಿದ್ಯುತ್ತಿನಲ್ಲಿ ಕೆಲಸ ಮಾಡಿಸಿದರು.

ಕೆಲಸ ಮಾಡುವುದು ಎರಡು ಸಂಗತಿಗಳು ಸೇರಿ: ಎಳೆಯುವ ಒತ್ತಡ (ಕಿಲೋಪಾಸ್ಕಲ್‌ನಲ್ಲಿ ಕೊಡುತ್ತಾರೆ) ಮತ್ತು ಗಾಳಿಯ ಹರಿವು (ಸೆಕೆಂಡಿಗೆ ಇಷ್ಟು ಲೀಟರ್). ಎರಡನ್ನೂ ಗುಣಿಸಿದರೆ ಬರುವುದು ಏರ್‌ವ್ಯಾಟ್. ಇಲ್ಲೊಂದು ಕಣ್ಕಟ್ಟಿದೆ. ಪೈಪಿನ ಬಾಯಿ ಪೂರ್ತಿ ಮುಚ್ಚಿದಾಗ ಒತ್ತಡ ಗರಿಷ್ಠ, ಹರಿವು ಸೊನ್ನೆ; ಪೂರ್ತಿ ತೆರೆದಾಗ ಹರಿವು ಗರಿಷ್ಠ, ಒತ್ತಡ ಸೊನ್ನೆಗೆ ಹತ್ತಿರ. ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಎರಡೂ ಗರಿಷ್ಠಗಳು, ಆದರೆ ಅವು ಎಂದೂ ಒಟ್ಟಿಗೆ ಸಿಗುವುದಿಲ್ಲ. ಪಾಸ್ಕಲ್ ಒಂದನ್ನೇ ದೊಡ್ಡಕ್ಷರದಲ್ಲಿ ಹಾಕಿದ ಜಾಹೀರಾತು ನೋಡಿದರೆ ಹರಿವಿನ ಅಂಕಿ ಎಲ್ಲಿದೆ ಎಂದು ಕೇಳಿ.

ಬ್ಯಾಗ್ ಇರುವುದು ಒಳ್ಳೆಯದೋ, ಇಲ್ಲದ್ದೋ?

ಬ್ಯಾಗ್ ಈ ಯಂತ್ರದಷ್ಟೇ ಹಳೆಯದು. ಅಮೆರಿಕದ ಓಹಾಯೋದಲ್ಲಿ ಅಂಗಡಿಯೊಂದರ ಸ್ವಚ್ಛತಾ ಕೆಲಸಗಾರನಾಗಿದ್ದ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್‌ಗೆ ಅಸ್ತಮಾ ಇತ್ತು. ಗುಡಿಸುವಾಗ ಏಳುವ ಧೂಳಿನಿಂದ ಪಾರಾಗಲು ಆತ ಫ್ಯಾನ್ ಮೋಟಾರಿಗೆ ದಿಂಬಿನ ಚೀಲ ಕಟ್ಟಿ ತನ್ನ ಮೊದಲ ಯಂತ್ರ ಮಾಡಿದ. 1908ರಲ್ಲಿ ಪೇಟೆಂಟ್ ಪಡೆದ. ಅದನ್ನು ಕೊಂಡ ಹೂವರ್ ಕುಟುಂಬದ ಹೆಸರು ಕೆಲವು ದೇಶಗಳಲ್ಲಿ ಯಂತ್ರದ ಹೆಸರೇ ಆಗಿಹೋಯಿತು. ಬ್ಯಾಗ್ ಬೇಡವೆಂದವರಲ್ಲಿ ಪ್ರಸಿದ್ಧರು ಬ್ರಿಟನ್ನಿನ ಜೇಮ್ಸ್ ಡೈಸನ್. 5,127 ಮಾದರಿಗಳನ್ನು ಮಾಡಿ ನೋಡಿ, ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಬದಿಗೆ ಎಸೆಯುವ ವಿನ್ಯಾಸವನ್ನು ಅವರು ಪಕ್ವಗೊಳಿಸಿದರು. ಅವರದೇ ಕಂಪನಿಯ ಮೊದಲ ಯಂತ್ರ ಬಂದದ್ದು 1993ರಲ್ಲಿ.

ನನ್ನ ಒಲವು ಬ್ಯಾಗಿನ ಕಡೆಗೆ, ಅದೂ ಬಾಳಿಕೆಯ ಕಾರಣಕ್ಕೆ. ಹಲವು ಪದರದ ಕೃತಕ ನಾರಿನ ಬ್ಯಾಗ್ ಧೂಳಿನ ಬಹುಪಾಲನ್ನು ತನ್ನಲ್ಲೇ ಹಿಡಿದಿಡುತ್ತದೆ. ಹೀಗಾಗಿ ಮೋಟಾರಿನ ಮುಂದಿನ ಫಿಲ್ಟರ್ ಬೇಗ ಕಟ್ಟುವುದಿಲ್ಲ, ಬೇರಿಂಗಿಗೆ ಧೂಳು ಹೋಗುವುದೂ ಕಡಿಮೆ. ಹೊಸ ಬ್ಯಾಗ್ ಹಾಕಿದಾಗಲೆಲ್ಲ ಯಂತ್ರದ ಅತಿ ಮುಖ್ಯವಾದ ಫಿಲ್ಟರನ್ನೇ ಹೊಸದಾಗಿಸಿದಂತಾಯಿತು. ತೆಗೆಯುವಾಗ ಬಾಯಿ ಮುಚ್ಚಿಕೊಳ್ಳುವ ಬ್ಯಾಗಾದರೆ ಧೂಳು ಮತ್ತೆ ಮುಖಕ್ಕೆ ರಾಚುವುದಿಲ್ಲ.

ಬ್ಯಾಗಿಲ್ಲದ ಯಂತ್ರಕ್ಕೆ ಆ ಖರ್ಚಿಲ್ಲ, ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಬಿದ್ದ ಓಲೆಯನ್ನು ಹುಡುಕುವುದೂ ಸುಲಭ. ಫಿಲ್ಟರನ್ನು ತಪ್ಪದೆ ತೊಳೆದು, ಪೂರ್ತಿ ಒಣಗಿಸಿ ಹಾಕುವ ಶಿಸ್ತು ನಿಮಗಿದ್ದರೆ ಅದು ಕೂಡ ಬಾಳುತ್ತದೆ. ಆ ಶಿಸ್ತು ಇದೆ ಎಂದು ಎಲ್ಲರೂ ಹೇಳುತ್ತಾರೆ.

ಕಾರ್ಡ್‌ಲೆಸ್ ಬಳಸಿದರೆ ಮತ್ತೆ ವೈರಿನ ಸಹವಾಸ ಬೇಡ ಎನ್ನುತ್ತಾರೆ. ಅದು ಬಾಳಿಕೆ ಬರುತ್ತದೆಯೇ?

ಅನುಕೂಲದ ವಿಷಯದಲ್ಲಿ ವಾದವಿಲ್ಲ. ಕೈಗೆ ಹಗುರವಾಗಿದ್ದು ಥಟ್ಟನೆ ಸಿಗುವ ಯಂತ್ರವನ್ನು ಜನ ಹೆಚ್ಚು ಸಲ ಬಳಸುತ್ತಾರೆ, ಮನೆ ಹೆಚ್ಚು ಚೊಕ್ಕವಾಗಿರುತ್ತದೆ. ಬಾಳಿಕೆಯ ಲೆಕ್ಕ ಬೇರೆ. ಲಿಥಿಯಂ-ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಖಾಲಿಯಾಗಿ ತುಂಬುವ ಹೊತ್ತಿಗೆ ತನ್ನ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗ ಕಳೆದುಕೊಂಡಿರುತ್ತದೆ. ವಾರಕ್ಕೆರಡು ಸಲ ಪೂರ್ತಿ ಬರಿದು ಮಾಡುವವರಿಗೆ ಅದು ಮೂರರಿಂದ ಐದು ವರ್ಷ. ಬ್ಯಾಟರಿ ಬಳಕೆಯಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಸೊರಗುತ್ತದೆ. ಬಿಸಿಯಲ್ಲಿ ಇಟ್ಟರೆ ಇನ್ನೂ ಬೇಗ.

ಆದ್ದರಿಂದ ಕಾರ್ಡ್‌ಲೆಸ್ ಕೊಳ್ಳುವಾಗ ಎರಡೇ ಪ್ರಶ್ನೆ ಮುಖ್ಯ. ಬ್ಯಾಟರಿ ಗುಂಡಿ ಒತ್ತಿದರೆ ಹೊರಬರುತ್ತದೆಯೇ, ಅಥವಾ ಮೈಯೊಳಗೇ ಕೂಡಿಸಿಬಿಟ್ಟಿದ್ದಾರೆಯೇ? ಅದೇ ಬ್ಯಾಟರಿ ಬಿಡಿಯಾಗಿ ಇಂದು ಏನು ಬೆಲೆಗೆ ಸಿಗುತ್ತಿದೆ? ಕಂಪನಿಯ ಐದಾರು ವರ್ಷ ಹಿಂದಿನ ಮಾದರಿಗೆ ಈಗಲೂ ಬ್ಯಾಟರಿ ಮಾರುತ್ತಿದ್ದರೆ ನಿಮ್ಮದಕ್ಕೂ ಸಿಗುವ ಭರವಸೆ ಇಟ್ಟುಕೊಳ್ಳಬಹುದು. ಪೆಟ್ಟಿಗೆಯ ಮೇಲಿನ "60 ನಿಮಿಷ" ಎಂಬುದು ಅತಿ ಕಡಿಮೆ ವೇಗದಲ್ಲಿ, ತಿರುಗುವ ಬ್ರಷ್ ಇಲ್ಲದೆ ಸಿಕ್ಕ ಸಮಯವಾಗಿರುವ ಸಾಧ್ಯತೆಯೇ ಹೆಚ್ಚು. ಗರಿಷ್ಠ ವೇಗದಲ್ಲಿ ಹತ್ತು ನಿಮಿಷವೂ ನಡೆಯದ ಯಂತ್ರಗಳಿವೆ.

ಹೆಪಾ ಫಿಲ್ಟರ್ ಎಂದು ಬರೆದಿದ್ದರೆ ಸಾಕಲ್ಲವೇ?

ಸಾಲದು. ಹೆಪಾ ಎಂದರೆ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್. ಯುರೋಪಿನ ಮಾನದಂಡದಲ್ಲಿ ಎಚ್13 ದರ್ಜೆಯ ಫಿಲ್ಟರ್, ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲಿ ಶೇ. 99.95ರಷ್ಟನ್ನು ತಡೆಯಬೇಕು. ಅಮೆರಿಕದ ಮಾನದಂಡ 0.3 ಮೈಕ್ರಾನ್ ಕಣಗಳಿಗೆ ಶೇ. 99.97 ಎನ್ನುತ್ತದೆ. ಆದರೆ ಇದು ಫಿಲ್ಟರಿನ ಗುಣ. ಫಿಲ್ಟರಿನ ಸುತ್ತಲಿನ ಚೌಕಟ್ಟಿನಲ್ಲಿ ಸಂದಿಯಿದ್ದರೆ ಗಾಳಿ ಸುಲಭದ ಆ ದಾರಿಯನ್ನೇ ಹಿಡಿದು, ಸಣ್ಣ ಧೂಳಿನ ಸಮೇತ ಕೋಣೆಗೆ ವಾಪಸಾಗುತ್ತದೆ. ಇಡೀ ಯಂತ್ರವನ್ನು ಸೀಲು ಮಾಡಿ, ಒಟ್ಟಾಗಿ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. "ಹೆಪಾ ಮಾದರಿಯ", "ಹೆಪಾದಂಥ" ಎಂಬ ಮಾತುಗಳಿಗೆ ಯಾವ ಅಳತೆಯೂ ಇಲ್ಲ.

ಅಂಗಡಿಯಲ್ಲಿ ಹತ್ತು ನಿಮಿಷ ಸಿಕ್ಕರೆ ಏನು ಪರೀಕ್ಷಿಸಲಿ?

ಮೊದಲು ಪೈಪಿನ ಕತ್ತು. ಹಿಡಿಕೆಗೂ ಯಂತ್ರಕ್ಕೂ ಸೇರುವ ಕಡೆ ಬಳುಕುವ ಪೈಪನ್ನು ಬಗ್ಗಿಸಿ. ಮಡಿಕೆ ಬಿದ್ದು ಅಲ್ಲೇ ನಿಂತರೆ ಬಿರುಕು ಬಿಡುವುದೂ ಅಲ್ಲೇ. ಯುರೋಪಿನ ನಿಯಮವೊಂದರ ಪ್ರಕಾರ ಪೈಪ್ 40,000 ಸಲ ಬಗ್ಗಿಸಿ ಎಳೆದ ಮೇಲೂ ಬಳಸಲು ಬರುವಂತಿರಬೇಕು. ಅಂಗಡಿಯಲ್ಲಿ ನಾಲ್ಕು ಸಲ ಬಗ್ಗಿಸಲು ಸಂಕೋಚವೇನೂ ಬೇಡ.

ಆಮೇಲೆ ಧೂಳಿನ ಕೋಣೆಯ ಮುಚ್ಚಳವನ್ನು ಹತ್ತಾರು ಸಲ ತೆಗೆದು ಹಾಕಿ. ಕೊಕ್ಕೆ ಗಟ್ಟಿಯಾಗಿ ಕೂರಬೇಕು, ಅಂಚಿನುದ್ದಕ್ಕೂ ಮೆತ್ತನೆಯ ರಬ್ಬರ್ ಇರಬೇಕು. ಚಕ್ರವನ್ನು ಪಕ್ಕಕ್ಕೆ ಅಲುಗಿಸಿ. ವೈರನ್ನು ಪೂರ್ತಿ ಎಳೆದು ಸುತ್ತಿಸಿ. ತಾನಾಗಿ ಸುತ್ತಿಕೊಳ್ಳುವ ಸ್ಪ್ರಿಂಗ್ ವ್ಯವಸ್ಥೆ ಬೇಗ ಸೋಲುವ ಭಾಗಗಳಲ್ಲಿ ಒಂದು. ಬ್ರಿಟನ್ನಿನಲ್ಲಿ 1981ರಿಂದ ತಯಾರಾಗುತ್ತಿರುವ, ನಗುಮುಖದ ಹೆನ್ರಿ ಯಂತ್ರದಲ್ಲಿ ಸ್ಪ್ರಿಂಗೇ ಇಲ್ಲ, ಕೈಯಲ್ಲಿ ಹಿಡಿಕೆ ತಿರುಗಿಸಿ ವೈರ್ ಸುತ್ತಬೇಕು. ನೋಡುವವರಿಗೆ ಹಳಸಲು ಅನ್ನಿಸಬಹುದು. ಆದರೆ ಕಚೇರಿ, ಶಾಲೆಗಳಲ್ಲಿ ದಿನವಿಡೀ ಒರಟಾಗಿ ದುಡಿಸಿಕೊಳ್ಳುವವರು ಅದನ್ನು ಬಿಡದಿರುವುದಕ್ಕೆ ಇಂಥ ಸರಳತನವೇ ಕಾರಣ.

ಕೊನೆಗೆ ಯಂತ್ರವನ್ನು ತಲೆಕೆಳಗು ಮಾಡಿ ನೋಡಿ. ಸ್ಕ್ರೂಗಳು ಕಂಡರೆ ಅದನ್ನು ಬಿಚ್ಚಬಹುದು. ಎಲ್ಲವೂ ಅಂಟು ಹಾಕಿ ಮುಚ್ಚಿದ್ದರೆ, ಯಾರೂ ಬಿಚ್ಚಬಾರದೆಂದೇ ಹಾಗೆ ಮಾಡಿದ್ದಾರೆ.

ಮೋಟಾರಿಗೆ ಹತ್ತು ವರ್ಷ ವಾರಂಟಿ ಕೊಡುತ್ತಾರಂತೆ. ನಂಬಬಹುದೇ?

ನಂಬಿ, ಆದರೆ ಸಣ್ಣಕ್ಷರ ಓದಿ. ಮೋಟಾರಿಗಿಂತ ಮೊದಲು ಹೋಗುವುದು ಪೈಪ್, ಸ್ವಿಚ್, ಕೊಕ್ಕೆ, ಬ್ಯಾಟರಿ; ಇವೆಲ್ಲ ಆ ಹತ್ತು ವರ್ಷದ ಹೊರಗೆ ಇರುತ್ತವೆ. ಯಂತ್ರಕ್ಕೆಲ್ಲ ಐದು ವರ್ಷ ಎಂದು ಹೇಳುವವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ರೋಬೋಟ್ ತಂದರೆ ಇದೆಲ್ಲ ಬೇಡವಲ್ಲ?

ದಿನದಿನದ ಮೇಲ್ಧೂಳಿಗೆ ರೋಬೋಟ್ ಚೆನ್ನ. ಮೆಟ್ಟಿಲು, ಸೋಫಾ, ಪರದೆ, ಮೂಲೆ ಅದಕ್ಕೆ ಆಗದು. ಬ್ಯಾಟರಿ, ಸಂವೇದಕ, ಚಕ್ರದ ಮೋಟಾರ್, ತಂತ್ರಾಂಶ ಎಲ್ಲ ಸೇರಿ ಕೆಡಬಹುದಾದ ಭಾಗಗಳು ಹೆಚ್ಚು. ಎರಡನೆಯ ಯಂತ್ರವಾಗಿ ಇಟ್ಟುಕೊಳ್ಳಿ.

## ಬಳಕೆ ಮತ್ತು ಜತನ

ಮೊದಲಿನಂತೆ ಹೀರುತ್ತಿಲ್ಲ. ಮೋಟಾರ್ ಹೋಯಿತೇ?

ಸಾಮಾನ್ಯವಾಗಿ ಹೋಗಿರುವುದಿಲ್ಲ. ಹುಡುಕುವ ಕ್ರಮ ಹೀಗಿರಲಿ: ಮೊದಲು ಬ್ಯಾಗ್ ಅಥವಾ ಡಬ್ಬಿ ತುಂಬಿದೆಯೇ, ನಂತರ ಫಿಲ್ಟರ್, ನಂತರ ಮೂತಿಯ ಬ್ರಷ್ಷಿಗೆ ಸುತ್ತಿದ ಕೂದಲು, ಕೊನೆಗೆ ಪೈಪಿನ ಒಳಗೆ ಸಿಕ್ಕಿಕೊಂಡ ಕಸ. ಪೈಪನ್ನು ಯಂತ್ರದಿಂದ ಬಿಚ್ಚಿ, ಯಂತ್ರದ ಬಾಯಿಗೆ ಅಂಗೈ ಒಡ್ಡಿ. ಅಲ್ಲಿ ಜೋರಾಗಿ ಎಳೆದರೆ ದೋಷ ಪೈಪಿನಲ್ಲೋ ಮೂತಿಯಲ್ಲೋ ಇದೆ.

ಕಿವಿಯೂ ಸುಳಿವು ಕೊಡುತ್ತದೆ. ದಾರಿ ಕಟ್ಟಿಕೊಂಡಾಗ ಮೋಟಾರಿನ ಸ್ವರ ಮೇಲೇರುತ್ತದೆ. ಪಾಪ, ಕಷ್ಟಪಡುತ್ತಿದೆ ಎಂದು ನಾವು ಭಾವಿಸುತ್ತೇವೆ; ನಡೆಯುವುದು ಅದಕ್ಕೆ ವಿರುದ್ಧ. ತಳ್ಳಲು ಗಾಳಿಯೇ ಇಲ್ಲದ್ದರಿಂದ ಫ್ಯಾನಿನ ಹೊರೆ ಇಳಿದು ಅದು ವೇಗವಾಗಿ ತಿರುಗುತ್ತದೆ. ಅಪಾಯ ಇರುವುದು ಬೇರೆ ಕಡೆ: ಬಹಳಷ್ಟು ಮನೆಬಳಕೆಯ ಯಂತ್ರಗಳಲ್ಲಿ ಮೋಟಾರನ್ನು ತಂಪಾಗಿಡುವುದು ಆ ಹೀರಿದ ಗಾಳಿಯೇ. ಅದು ನಿಂತರೆ ಮೋಟಾರ್ ಕಾಯುತ್ತದೆ. ಸ್ವರ ಸಾಮಾನ್ಯವಾಗಿದ್ದು ಹೀರುವುದು ಮಾತ್ರ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದು ಊಹಿಸಬಹುದು.

ಕೆಲಸದ ಮಧ್ಯೆ ತಾನಾಗಿ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ನಡೆಯುತ್ತದೆ. ಏನಾಗಿದೆ?

ಶಾಖ ಮಿತಿಮೀರಿದಾಗ ಮೋಟಾರನ್ನು ಉಳಿಸಲು ಸುರಕ್ಷಾ ಸ್ವಿಚ್ ವಿದ್ಯುತ್ ಕಡಿದಿದೆ. ಪ್ಲಗ್ ತೆಗೆದು, ತಣ್ಣಗಾಗಲು ಬಿಟ್ಟು, ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕಿ. ಕಾರಣ ಹುಡುಕದೆ ದಿನವೂ ಹೀಗೆ ನಡೆಸಿದರೆ ತಂತಿಸುರುಳಿಯ ಹೊದಿಕೆ ಸುಟ್ಟು ಹೋಗುತ್ತದೆ. ದಾರಿಯೆಲ್ಲ ಸ್ವಚ್ಛವಾಗಿದ್ದೂ ನಿಂತರೆ ರಿಪೇರಿಯವರಿಗೆ ತೋರಿಸಿ.

ಗೋಡೆ ಕೊರೆದ ಪುಡಿ, ಸಿಮೆಂಟ್ ಧೂಳು, ಬೂದಿ ಎಲ್ಲವನ್ನೂ ಇದರಲ್ಲೇ ಎಳೆಯಬಹುದೇ?

ಒಳ್ಳೆಯ ಯಂತ್ರಗಳನ್ನು ಅಕಾಲದಲ್ಲಿ ಕೊಲ್ಲುವುದು ಇದೇ. ಗಾರೆ, ಸಿಮೆಂಟ್, ಮರಳುಕಾಗದ ಉಜ್ಜಿದ ಪುಡಿ ಎಷ್ಟು ನುಣ್ಣಗಿರುತ್ತವೆ ಎಂದರೆ ನಿಮಿಷಗಳಲ್ಲೇ ಫಿಲ್ಟರಿನ ರಂಧ್ರ ಮುಚ್ಚಿ ಹೋಗುತ್ತದೆ. ದಾಟಿ ಹೋದದ್ದು ಬೇರಿಂಗನ್ನು ಸವೆಸುತ್ತದೆ. ಬಿಸಿ ಬೂದಿಯಲ್ಲಿ ಕಾಣದ ಕೆಂಡವಿದ್ದರೆ ಬ್ಯಾಗಿಗೆ ಬೆಂಕಿ ಹತ್ತುತ್ತದೆ. ನೀರು ಒಣ ಯಂತ್ರದೊಳಗೆ ಹೋದರೆ ವಿದ್ಯುತ್ ಆಘಾತದ ಭಯ. ಇವಕ್ಕೆಲ್ಲ ಒದ್ದೆ-ಒಣ ಎರಡನ್ನೂ ಹೀರುವ ಕಾರ್ಯಾಗಾರದ ಯಂತ್ರಗಳಿವೆ, ಮನೆ ಕಟ್ಟಿಸುವಾಗ ಒಂದನ್ನು ಬಾಡಿಗೆಗೆ ತಂದರೆ ಸಾಕು. ಬೂದಿಗಂತೂ ಅದಕ್ಕೆಂದೇ ಮಾಡಿದ ಲೋಹದ ಡಬ್ಬಿಯ ಯಂತ್ರವೇ ಬೇಕು, ಆಗಲೂ ಪೂರ್ತಿ ತಣಿದ ಮೇಲೆ.

ಕಂಪನಿಯದ್ದಲ್ಲದ ಅಗ್ಗದ ಬ್ಯಾಗ್ ಹಾಕಿದರೆ ಕೆಡುತ್ತದೆಯೇ?

ಬ್ಯಾಗಿನ ಕುತ್ತಿಗೆಯ ಬಿಲ್ಲೆ ಸರಿಯಾಗಿ ಕೂತು, ಬಟ್ಟೆ ಹಲವು ಪದರದ್ದಾಗಿದ್ದರೆ ತೊಂದರೆಯಿಲ್ಲ. ಒಂದೇ ಪದರದ ತೆಳು ಕಾಗದದ ಬ್ಯಾಗ್ ಬೇಡ. ಹರಿದರೆ ಎಲ್ಲ ಧೂಳೂ ನೇರ ಮೋಟಾರಿನ ಕಡೆಗೆ. ಬ್ಯಾಗನ್ನು ಖಾಲಿ ಮಾಡಿ ಮತ್ತೆ ಹಾಕುವವರೂ ಇದ್ದಾರೆ. ಹೊರಗೆ ಖಾಲಿಯಾಗಿ ಕಂಡರೂ ಅದರ ನಾರಿನ ರಂಧ್ರಗಳು ತುಂಬಿಹೋಗಿರುತ್ತವೆ, ಗಾಳಿ ಆಡುವುದಿಲ್ಲ.

ಯಂತ್ರ ಹಾಕಿದ ಕೂಡಲೇ ಮನೆಯೆಲ್ಲ ಮುಗ್ಗು ವಾಸನೆ. ಏನು ಮಾಡಲಿ?

ಫಿಲ್ಟರನ್ನು ತೊಳೆದು ಅರೆಬರೆ ಒಣಗಿಸಿ ಹಾಕಿದ್ದೀರಿ. ಕನಿಷ್ಠ ಒಂದು ದಿನ, ತೇವದ ಹವೆಯಲ್ಲಿ ಎರಡು ದಿನ ಗಾಳಿಗೆ ಇಡಿ. ವಾಸನೆ ಬಿಡದಿದ್ದರೆ ಹೊಸ ಫಿಲ್ಟರ್ ತನ್ನಿ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡರೆ ಅವಸರವೇ ಇರುವುದಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂದರೆ ಅದು ಬೇರೆ ಕತೆ: ತಿರುಗುವ ಬ್ರಷ್ಷಿಗೆ ಏನೋ ಸಿಕ್ಕಿಕೊಂಡು ಬೆಲ್ಟ್ ಜಾರುತ್ತಿದೆ, ತಕ್ಷಣ ಆರಿಸಿ.

## ಇನ್ನೂ ಒಳಹೊಕ್ಕು

ಮೋಟಾರ್ ನಿಜಕ್ಕೂ ಎಷ್ಟು ಗಂಟೆ ಬಾಳುತ್ತದೆ? ಬ್ರಷ್‌ಲೆಸ್ ಉತ್ತಮವೇ?

ವೈರಿನ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಯುನಿವರ್ಸಲ್ ಮೋಟಾರ್. ತಿರುಗುವ ತಾಮ್ರದ ಪಟ್ಟಿಗಳಿಗೆ ಎರಡು ಕಾರ್ಬನ್ ತುಂಡುಗಳು ಒತ್ತಿಕೊಂಡು ವಿದ್ಯುತ್ ಮುಟ್ಟಿಸುತ್ತವೆ. ಇದನ್ನೇ ಕಾರ್ಬನ್ ಬ್ರಷ್ ಎನ್ನುವುದು. ಮಿನಿಟಿಗೆ ಮೂವತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ಉಜ್ಜಿಕೊಳ್ಳುವ ಇವು ಸವೆಯಲೇಬೇಕು. ಯುರೋಪಿಯನ್ ಒಕ್ಕೂಟದ ನಿಯಮ ಮೋಟಾರಿಗೆ ಕನಿಷ್ಠ 500 ಗಂಟೆ ಆಯಸ್ಸು ಇರಬೇಕು ಎನ್ನುತ್ತದೆ. ವಾರಕ್ಕೊಂದು ಗಂಟೆ ಬಳಸುವ ಮನೆಯಲ್ಲಿ ಅದು ಒಂಬತ್ತೂವರೆ ವರ್ಷ. ದಿನಕ್ಕೊಂದು ಗಂಟೆಯಾದರೆ ಒಂದೂವರೆ ವರ್ಷವೂ ಇಲ್ಲ. ಹೀಗಾಗಿ ವರ್ಷ ಕೇಳಬೇಡಿ, ಗಂಟೆ ಕೇಳಿ. ಕಾರ್ಬನ್ ಬ್ರಷ್ಷನ್ನು ಬಿಡಿಯಾಗಿ ಬದಲಿಸಲು ಬರುವ ಮೋಟಾರಾದರೆ, ಬೇರಿಂಗ್ ಮತ್ತು ತಾಮ್ರದ ಪಟ್ಟಿ ಚೆನ್ನಾಗಿರುವವರೆಗೆ ಅಲ್ಪ ಖರ್ಚಿನಲ್ಲಿ ಎರಡನೆಯ ಆಯಸ್ಸು ಸಿಗುತ್ತದೆ.

ಬ್ರಷ್‌ಲೆಸ್ ಮೋಟಾರಿನಲ್ಲಿ ಉಜ್ಜುವ ಭಾಗವಿಲ್ಲ, ಕೆಲವು ಮಿನಿಟಿಗೆ ಲಕ್ಷ ಸುತ್ತು ಮೀರುತ್ತವೆ. ಮೋಟಾರಾಗಿ ಅದೇ ಮೇಲು. ಆದರೆ ಅದನ್ನು ನಡೆಸಲು ಇಲೆಕ್ಟ್ರಾನಿಕ್ ಹಲಗೆ ಬೇಕು. ಹಲಗೆ ಸುಟ್ಟರೆ ಬಿಡಿಯಾಗಿ ಸಿಗುವುದು ಅಪರೂಪ.

ದಿನಕ್ಕೆ ಗಂಟೆಗಟ್ಟಲೆ ದುಡಿಸುವವರು ಕೇಳಬೇಕಾದದ್ದು ಮತ್ತೊಂದಿದೆ: ಮೋಟಾರನ್ನು ತಂಪು ಮಾಡಲು ಬೇರೆಯೇ ಗಾಳಿಯ ದಾರಿ ಇದೆಯೇ? ಒದ್ದೆ-ಒಣ ಯಂತ್ರಗಳಲ್ಲಿ, ವೃತ್ತಿಪರರ ಯಂತ್ರಗಳಲ್ಲಿ ಅದು ಇರುತ್ತದೆ. ಪೈಪ್ ಕಟ್ಟಿಕೊಂಡರೂ ಮೋಟಾರ್ ಕಾಯುವುದಿಲ್ಲ.

ವ್ಯಾಕ್ಯೂಮ್ ಕ್ಲೀನರ್‌ಗೆ ಫ್ರಿಜ್‌ನಂತೆ ವಿದ್ಯುತ್ ದರ್ಜೆಯ ಚೀಟಿ ಏಕಿಲ್ಲ?

ಯುರೋಪಿನಲ್ಲಿ ಇತ್ತು. 2014ರಿಂದ ಧೂಳು ಎತ್ತುವ ಸಾಮರ್ಥ್ಯ, ಹೊರಬಿಡುವ ಧೂಳು ಇವನ್ನು ದರ್ಜೆಗಳಲ್ಲಿ, ಸದ್ದನ್ನು ಡೆಸಿಬೆಲ್‌ನಲ್ಲಿ ತೋರಿಸುತ್ತಿದ್ದ ಒಳ್ಳೆಯ ಚೀಟಿ ಅದು. ಪರೀಕ್ಷೆಯನ್ನು ಖಾಲಿ ಬ್ಯಾಗಿನೊಂದಿಗೆ ಮಾಡುತ್ತಾರೆ, ಮನೆಯಲ್ಲಿ ಯಾರೂ ಖಾಲಿ ಬ್ಯಾಗಿನಲ್ಲೇ ಬಳಸುವುದಿಲ್ಲ ಎಂದು ಡೈಸನ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2018ರ ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ ಆ ವಾದವನ್ನು ಒಪ್ಪಿ ನಿಯಮವನ್ನು ರದ್ದುಮಾಡಿತು. 2019ರ ಜನವರಿಯಿಂದ ಚೀಟಿ ಇಲ್ಲ. ವಾದ ಸರಿಯಾಗಿತ್ತು, ನಷ್ಟವಾದದ್ದು ಕೊಳ್ಳುವವರಿಗೆ. 900 ವ್ಯಾಟ್ ಮಿತಿ ಬೇರೆ ನಿಯಮದ್ದಾದ್ದರಿಂದ ಉಳಿದುಕೊಂಡಿತು.

ಹಳೆಯದಕ್ಕಿಂತ ಹೊಸದು ಕಡಿಮೆ ವಿದ್ಯುತ್ ಬಳಸುತ್ತದೆ. ಪರಿಸರಕ್ಕೆ ಹೊಸದೇ ಒಳ್ಳೆಯದಲ್ಲವೇ?

ಫ್ರಿಜ್ ಇಪ್ಪತ್ತನಾಲ್ಕು ಗಂಟೆ ನಡೆಯುತ್ತದೆ, ಅಲ್ಲಿ ಈ ವಾದಕ್ಕೆ ಬಲವಿದೆ. ವ್ಯಾಕ್ಯೂಮ್ ಕ್ಲೀನರ್ ವಾರಕ್ಕೊಂದು ಗಂಟೆ ನಡೆದರೆ ವರ್ಷಕ್ಕೆ 52 ಗಂಟೆ. 1600 ವ್ಯಾಟ್‌ನದ್ದು ಸುಮಾರು 83 ಯೂನಿಟ್, 900 ವ್ಯಾಟ್‌ನದ್ದು 47 ಯೂನಿಟ್. ವ್ಯತ್ಯಾಸ 36 ಯೂನಿಟ್. ಅಷ್ಟಕ್ಕಾಗಿ ನಡೆಯುತ್ತಿರುವ ಮೋಟಾರು, ತಾಮ್ರ, ಕಿಲೋಗಟ್ಟಲೆ ಪ್ಲಾಸ್ಟಿಕ್ ಎಸೆಯುವುದು ನನಗೆ ಒಪ್ಪಿಗೆಯಲ್ಲ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಶೇ. 22.3. ಹಳೆಯದು ಪೂರ್ತಿ ಕೆಟ್ಟ ಮೇಲೆ ಕಡಿಮೆ ವ್ಯಾಟಿನದ್ದನ್ನು ಕೊಳ್ಳಿ.

ಬಳಸಿದ ಒಳ್ಳೆಯ ಯಂತ್ರ ಕೊಳ್ಳುವುದೋ, ಹೊಸ ಅಗ್ಗದ್ದು ಕೊಳ್ಳುವುದೋ?

ವೈರಿನದ್ದಾದರೆ ಬಳಸಿದ ಒಳ್ಳೆಯದು. ಕಾರ್ಡ್‌ಲೆಸ್ ಆದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಸೇರಿಸಿಕೊಂಡು ಯೋಚಿಸಿ. ನೋಡಲು ಹೋದಾಗ ಫಿಲ್ಟರ್ ತೆಗೆಸಿ. ಅದರ ಹಿಂದಿನ ಜಾಗದಲ್ಲಿ ಬಿಳಿ ಪುಡಿಯಿದ್ದರೆ ಕಟ್ಟಡದ ಧೂಳು ಎಳೆದಿದ್ದಾರೆ, ಬಿಟ್ಟುಬನ್ನಿ. ಐದು ನಿಮಿಷ ನಡೆಸಿ ಕೇಳಿ. ಕೀಚಲು ಸದ್ದು ಬೇರಿಂಗಿನದ್ದು, ಕಿಡಿಯ ವಾಸನೆ ಕಾರ್ಬನ್ ಬ್ರಷ್ಷಿನದ್ದು. ಎರಡನೆಯದನ್ನು ಸರಿಪಡಿಸಬಹುದು.

ರಿಪೇರಿ ಮಾಡಿಸಲೋ, ಕೈಬಿಡಲೋ ಎಂದು ಹೇಗೆ ತೀರ್ಮಾನಿಸುವುದು?

ಪೈಪ್, ಮೂತಿ, ಸ್ವಿಚ್, ವೈರ್, ಸೀಲು, ಬೆಲ್ಟ್, ಬ್ಯಾಟರಿ ಇವಿಷ್ಟಕ್ಕೂ ರಿಪೇರಿಯೇ ಸರಿ. ಮೋಟಾರ್ ಸುಟ್ಟಿದ್ದರೆ ಹೊಸ ಮೋಟಾರಿನ ಖರ್ಚನ್ನು, ರಿಪೇರಿಯಾದ ಮೇಲೆ ಯಂತ್ರ ಇನ್ನೆಷ್ಟು ವರ್ಷ ನಡೆದೀತು ಎಂಬ ಅಂದಾಜಿನಿಂದ ಭಾಗಿಸಿ. ವರ್ಷಕ್ಕೆ ಬೀಳುವ ಆ ಮೊತ್ತ ಹೊಸ ಯಂತ್ರದ ವರ್ಷದ ಪಾಲಿಗಿಂತ ಕಡಿಮೆಯಿದ್ದರೆ ಹಾಕಿಸಿ. ಮೈಯ ಪ್ಲಾಸ್ಟಿಕ್ಕೇ ಬಿರಿದು ಗಾಳಿ ಸೋರುತ್ತಿದ್ದರೆ ಬಿಡುವುದೇ ವಾಸಿ. ಯುರೋಪಿಯನ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ರಿಪೇರಿ ಹಕ್ಕಿನ ನಿರ್ದೇಶನದ ಪಟ್ಟಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಸೇರಿದೆ. ತಯಾರಕರು ಬಿಡಿಭಾಗಗಳ ವಿಷಯದಲ್ಲಿ ಮೊದಲಿನಷ್ಟು ಉಪೇಕ್ಷೆಯಿಂದ ಇರಲಾರರು.

ಕೈಬಿಡುವುದೇ ಆದರೆ ಪೈಪ್, ಮೂತಿ, ಚಕ್ರಗಳನ್ನು ಕಳಚಿಟ್ಟುಕೊಳ್ಳಿ, ಅದೇ ಮಾದರಿ ಇರುವ ಇನ್ನೊಬ್ಬರು ಹುಡುಕುತ್ತಿರುತ್ತಾರೆ. ಬ್ಯಾಟರಿಯನ್ನು ಬೇರೆ ಮಾಡಿ, ಅದರ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮನೆಯ ಕಸದ ಬುಟ್ಟಿಗೆ ಹಾಕಿದರೆ ಕಸದ ಲಾರಿಯಲ್ಲಿ ಜಜ್ಜಿ ಹೋಗಿ ಬೆಂಕಿ ಹೊತ್ತಿಕೊಳ್ಳಬಹುದು.